ಬೊಜುರಾಳ ಸಾವಿನ ಕಾಗದ

ಸೋಮವಾರ ಬೆಳಗ್ಗೆ ಗೋರ್ನಾ ಲಿಪಾ ಊರಿನ ನಾಲ್ಕು ಕಡೆ ಬೊಜುರಾ ಸ್ತಾನೇವಾ ಸತ್ತಳೆಂದು ಕಾಗದ ಅಂಟಿಸಿದ್ದರು. ಶಾಲೆಯ ಗೇಟಿಗೆ ಒಂದು, ಬ್ರೆಡ್ಡಿನ ಅಂಗಡಿಯ ಬಾಗಿಲಿಗೆ ಒಂದು, ಬಸ್ ನಿಲ್ದಾಣದ ಗೋಡೆಗೆ ಒಂದು, ಅವಳ ಮನೆಯ ಗೇಟಿಗೇ ಒಂದು. ಬೊಜುರಾಳಿಗೆ ಹನ್ನೊಂದು ವರ್ಷ. ಆ ಹೊತ್ತಿಗೆ ಅವಳು ಅಡುಗೆಮನೆಯಲ್ಲಿ ಕೂತು ಬಿಸಿ ಹಾಲಿನಲ್ಲಿ ಬ್ರೆಡ್ಡು ಅದ್ದಿ ತಿನ್ನುತ್ತಿದ್ದಳು.

ಮೊದಲು ನೋಡಿದ್ದು ಅವಳ ಅಜ್ಜಿ ತ್ಸೋನಾ. ಮೊಮ್ಮಗಳ ಗಾಲಿಕುರ್ಚಿಯನ್ನು ಬೀದಿಗೆ ಇಳಿಸಲೆಂದು ಗೇಟು ತೆಗೆದಾಗ, ತನ್ನ ಗಂಡನ ಸಾವಿನ ಕಾಗದ ಇದ್ದ ಜಾಗದಲ್ಲಿ ಹೊಸ ಬಿಳುಪು ಕಂಡಿತು. ಗಂಡ ಹೋಗಿ ಮೂರು ವರ್ಷವಾಗಿತ್ತು. ಅವನ ಮುಖ ಬಿಸಿಲಿಗೆ ಬಿಳಿಚಿಕೊಂಡು ಮೀಸೆ ಮಾತ್ರ ಉಳಿದಿತ್ತು. ಆ ಮೀಸೆಯ ಮೇಲೆ ಮೊಮ್ಮಗಳ ಮುಖ ಅಂಟಿಸಿದ್ದರು. ಕಪ್ಪು ಅಂಚು, ಮೇಲೆ ಶಿಲುಬೆ, ನಡುವೆ ಫೋಟೋ, ಕೆಳಗೆ ಅಕ್ಷರ. ಎಲ್ಲರ ಮನೆಯ ಸಾವಿಗೂ ಅಂಟಿಸುವ ಅದೇ ಕಾಗದ.

"ದುಃಖದ ಸುದ್ದಿ. ನಮ್ಮ ಪ್ರೀತಿಯ ಬೊಜುರಾ ಸ್ತಾನೇವಾ ನಮ್ಮನ್ನು ಅಗಲಿದ್ದಾಳೆಂದು ತಿಳಿಸುತ್ತೇವೆ. ಇನ್ನು ಮುಂದೆ ಅವಳನ್ನು ಯಾರೂ ಹೊರಬೇಕಾಗಿಲ್ಲ. ಐದನೇ ತರಗತಿಯ ಬೆನ್ನುಗಳು ಕೃತಜ್ಞತೆ ಸಲ್ಲಿಸುತ್ತವೆ."

ತ್ಸೋನಾಳ ಕೈ ಮೇಲಕ್ಕೆ ಹೋಯಿತು. ಕಾಗದದ ಮೂಲೆಯ ಹತ್ತಿರ ಹೋಗಿ ನಿಂತಿತು. ಆ ಊರಿನಲ್ಲಿ ಸಾವಿನ ಕಾಗದವನ್ನು ಯಾರೂ ಹರಿಯುವುದಿಲ್ಲ. ಅಂಟಿಸುವುದಷ್ಟೇ ಮನುಷ್ಯರ ಕೆಲಸ, ತೆಗೆಯುವುದು ಮಳೆಯ ಕೆಲಸ. ಒಂಬತ್ತನೇ ದಿನಕ್ಕೆ, ನಲವತ್ತನೇ ದಿನಕ್ಕೆ, ವರ್ಷಕ್ಕೆ ಎಂದು ಹೊಸದು ಹಳೆಯದರ ಮೇಲೆ ಕೂರುತ್ತಾ ಹೋಗಿ ಬ್ರೆಡ್ಡಿನ ಅಂಗಡಿಯ ಬಾಗಿಲು ಮರಕ್ಕಿಂತ ಹೆಚ್ಚಾಗಿ ಸತ್ತವರಿಂದಲೇ ದಪ್ಪಗಾಗಿತ್ತು. ಅಂಥ ಊರಿನಲ್ಲಿ ಅರವತ್ತೆಂಟು ವರ್ಷ ಬದುಕಿದ ಕೈ ಅದು. ಹರಿಯಲು ಬರಲಿಲ್ಲ.

ಹಿಂದಿನಿಂದ ಬೊಜುರಾ ಓದುತ್ತಿದ್ದಳು. ಹುಟ್ಟುವಾಗ ಉಸಿರು ತಡವಾಗಿ ಬಂದ ಮಗು ಅವಳು. ಕಾಲುಗಳು ಕತ್ತರಿಯಂತೆ ಹೆಣೆದುಕೊಳ್ಳುತ್ತಿದ್ದವು, ಪ್ರತಿಯೊಂದು ಮಾತಿಗೂ ಗಂಟಲಿನೊಡನೆ ಜಗಳ ಆಡಬೇಕಿತ್ತು. ಓದುವುದಕ್ಕೆ ಮಾತ್ರ ಯಾರ ಅಪ್ಪಣೆಯೂ ಬೇಕಿರಲಿಲ್ಲ.

"ಅಜ್ಜಿ, ಅದು ನಾನೇ," ಎಂದಳು. ಸ್ವಲ್ಪ ಹೊತ್ತು ಬಾಯಿ ತಿರುಚಿ ಇನ್ನೊಂದು ಮಾತು ಹೊರಗೆ ತಂದಳು. "ಫೋಟೋ ಚೆನ್ನಾಗ್ ಬಂದಿದೆ."

ಫೋಟೋ ಎಲ್ಲಿಯದೆಂದು ತ್ಸೋನಾಳಿಗೆ ಗೊತ್ತಿತ್ತು. ಶಾಲೆಯ ಬಾಗಿಲು ದಾಟಿದ ಕೂಡಲೇ ಗೋಡೆಯ ಮೇಲೆ ದೊಡ್ಡದಾಗಿ ತೂಗುಹಾಕಿದ್ದಾರೆ: 'ಎಲ್ಲರಿಗೂ ಒಂದೇ ಶಾಲೆ' ಎಂಬ ಬರಹ, ಕೆಳಗೆ ಗಾಲಿಕುರ್ಚಿಯಲ್ಲಿ ಬೊಜುರಾ, ಪಕ್ಕದಲ್ಲಿ ಮುಖ್ಯೋಪಾಧ್ಯಾಯಿನಿ ಕಾಮೆಲಿಯಾ ದ್ರಾಗೋವಾ. ಅದರಿಂದ ಹುಡುಗಿಯನ್ನಷ್ಟೇ ಕತ್ತರಿಸಿಕೊಂಡಿದ್ದರು. ಆದರೆ ಭುಜದ ಮೇಲಿದ್ದ ಮುಖ್ಯೋಪಾಧ್ಯಾಯಿನಿಯ ಕೈಯನ್ನು ಕತ್ತರಿಸಲು ಆಗಿರಲಿಲ್ಲ. ಸತ್ತ ಹುಡುಗಿಯ ಹೆಗಲ ಮೇಲೆ ಐದು ಕೆಂಪು ಉಗುರು, ಒಂದು ಜೇನುಬಣ್ಣದ ಹರಳಿನ ಉಂಗುರ.

ಆ ಉಂಗುರ ಊರಿಗೆಲ್ಲ ಗೊತ್ತು.

*

ಬೊಜುರಾ ಹುಟ್ಟಿದಾಗ ಪಟ್ಟಣದ ಆಸ್ಪತ್ರೆಯಲ್ಲಿ ಒಬ್ಬ ಡಾಕ್ಟರು ಬಿಳಿ ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡು, ಇದನ್ನು 'ಮನೆ'ಗೆ ಬರೆದುಕೊಟ್ಟುಬಿಡಿ, ನಿಮಗಿನ್ನೂ ವಯಸ್ಸಿದೆ, ಇನ್ನೊಂದು ಹೆರಿ ಎಂದು ತ್ಸೋನಾಳ ಮಗಳಿಗೆ ಹೇಳಿದ್ದ. ಮನೆಯೆಂದರೆ ನದಿಯಾಚೆಯ ಹಳದಿ ಕಟ್ಟಡ. ಅಲ್ಲಿ ಇಂಥ ಮಕ್ಕಳನ್ನು ಕಬ್ಬಿಣದ ಮಂಚಕ್ಕೆ ಹಾಕಿ, ಅವು ದೊಡ್ಡವಾದ ಮೇಲೂ ಅದೇ ಮಂಚದಲ್ಲಿ ಕಾಲು ಮಡಚಿ ಮಲಗಿಸುತ್ತಿದ್ದರು. ಮಗಳು ಬರೆದುಕೊಡಲು ಕೂತಿದ್ದಳು. ತ್ಸೋನಾ ಪೆನ್ನು ಕಿತ್ತುಕೊಂಡು ಮಗುವನ್ನು ಟವೆಲಿನಲ್ಲಿ ಸುತ್ತಿ ಬಸ್ಸು ಹತ್ತಿದ್ದಳು. ಎರಡು ವರ್ಷದ ಮೇಲೆ ಮಗಳು ಇಟಲಿಗೆ ಹೋದಳು. ಅಲ್ಲಿ ಅವಳಿಗೆ ಇನ್ನೊಂದು ಹುಟ್ಟಿತು, ಡಾಕ್ಟರು ಹೇಳಿದಂತೆಯೇ.

ಅಂದಿನಿಂದ ತ್ಸೋನಾಳಿಗೆ ಇದ್ದದ್ದು ಒಂದೇ ಲೆಕ್ಕ. ತಾನು ಸತ್ತ ಮರುದಿನ ಯಾರೋ ಒಬ್ಬರು ಈ ಹುಡುಗಿಯನ್ನು ಹಳದಿ ಕಟ್ಟಡಕ್ಕೆ ಸಾಗಿಸಲು ಬರುತ್ತಾರೆ. ಆವತ್ತು ಅವಳ ಕೈಯಲ್ಲಿ ಶಾಲೆ ಮುಗಿಸಿದ ಕಾಗದ ಇರಬೇಕು. ನನಗೆ ಓದು ಬರೆಹ ಬರುತ್ತದೆ, ನಾನು ಹೋಗುವುದಿಲ್ಲ ಎಂದು ಅವಳೇ ಹೇಳುವಂತಿರಬೇಕು. ಅದಕ್ಕೇ ಶಾಲೆ. ಶಾಲೆ ತಪ್ಪಿದರೆ ಹಳದಿ ಕಟ್ಟಡ. ನಡುವೆ ಬೇರೆ ದಾರಿ ಅವಳಿಗೆ ಕಂಡಿರಲಿಲ್ಲ.

ನಾಲ್ಕನೇ ತರಗತಿಯವರೆಗೆ ಕೋಣೆ ಕೆಳಗಿತ್ತು. ಐದಕ್ಕೆ ಬಂದಾಗ ಮೇಲಿನ ಮಹಡಿ. ಇಪ್ಪತ್ತೆರಡು ಮೆಟ್ಟಿಲು. ಐದನೇ ತರಗತಿಯನ್ನೇ ಕೆಳಗೆ ತನ್ನಿ ಎಂದು ತ್ಸೋನಾ ಕೇಳಿದ್ದಳು. ಕೆಳಗಿನ ಕೋಣೆಗಳಿಗೆ ಚಿಕ್ಕವರ ಬೆಂಚು ಹಾಕಿದೆ, ಒಬ್ಬಳಿಗೋಸ್ಕರ ಇಡೀ ಶಾಲೆ ಅಲ್ಲಾಡಿಸಲು ಆಗುವುದಿಲ್ಲ ಎಂದಿದ್ದರು. ಕೊನೆಗೆ ಐದನೇ ತರಗತಿಯ ನಾಲ್ವರು ದಪ್ಪ ಹುಡುಗರಿಗೆ ಅವಳನ್ನು ಕುರ್ಚಿಸಮೇತ ಹೊತ್ತು ಹತ್ತಿಸುವ ಸರದಿ ಬಿತ್ತು. ಎರಡು ವಾರ ಹೊತ್ತರು. ಮೂರನೇ ವಾರ ಅವರ ತಾಯಂದಿರು ಬ್ರೆಡ್ಡಿನ ಅಂಗಡಿಯ ಕಟ್ಟೆಯ ಮೇಲೆ ಒಂದು ಅರ್ಜಿ ಇಟ್ಟರು. ಈ ಮಗುವನ್ನು ಅದಕ್ಕೆ ತಕ್ಕ ಜಾಗಕ್ಕೆ ಕಳಿಸಬೇಕೆಂದು ಅದರಲ್ಲಿ ಬರೆದಿತ್ತು. ಬ್ರೆಡ್ಡು ಕೊಂಡವರು ಬ್ರೆಡ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಸಹಿ ಹಾಕಿ ಹೋದರು. ನಲವತ್ತೊಂದು ಸಹಿ.

ಬೊಜುರಾಳಿಗೆ ಸಹಾಯಕಿಯೊಬ್ಬಳು ಇರಲಿಲ್ಲವೆಂದಲ್ಲ. ಇದ್ದಳು. ಪೋಲಿನಾ ಎಂದು, ಮೇಯರನ ನಾದಿನಿ. ಅಂಗವಿಕಲ ಮಗುವಿನ ಸಹಾಯಕಿ ಎಂದೇ ಅವಳನ್ನು ಸೇರಿಸಿಕೊಂಡದ್ದು. ಅವಳು ಮುಖ್ಯೋಪಾಧ್ಯಾಯಿನಿಯ ಹೊರಕೋಣೆಯಲ್ಲಿ ಕೂತು ಹೂಕುಂಡಕ್ಕೆ ನೀರು ಹಾಕುತ್ತಿದ್ದಳು, ಕಾಫಿ ಕಾಯಿಸುತ್ತಿದ್ದಳು. ಬೊಜುರಾಳ ಹತ್ತಿರ ಬರುತ್ತಿದ್ದದ್ದು ಫೋಟೋ ತೆಗೆಯುವ ದಿನ. ಉಳಿದ ದಿನ, ಹುಡುಗರು ಹೊರುವುದನ್ನು ನಿಲ್ಲಿಸಿದ ಮೇಲೆ, ಅಜ್ಜಿಯೇ ಮೊಮ್ಮಗಳನ್ನು ಬೆನ್ನ ಮೇಲೆ ಹೊತ್ತು ಇಪ್ಪತ್ತೆರಡು ಮೆಟ್ಟಿಲು ಹತ್ತಿ, ತರಗತಿಯ ಹೊರಗೆ ಒಂದು ಕುರ್ಚಿ ಹಾಕಿಕೊಂಡು ಎಂಟರಿಂದ ಒಂದೂವರೆವರೆಗೆ ಕೂರುತ್ತಿದ್ದಳು. ನಾಲ್ಕು ವರ್ಷ ಕೆಳಗಿನ ಓಣಿಯಲ್ಲಿ ಕೂತಿದ್ದಳು, ಈಗ ಮೇಲಿನ ಓಣಿ. ಮಗುವಿಗೆ ಶೌಚಕ್ಕೆ ಹೋಗಬೇಕಾದಾಗ ಟೀಚರು ಬಾಗಿಲು ತೆಗೆದು "ತ್ಸೋನಜ್ಜಿ" ಎನ್ನುತ್ತಿದ್ದರು, ಅಷ್ಟೆ. ಆ ಕುರ್ಚಿಗೆ ಯಾವ ಅಪ್ಪಣೆಯೂ ಇರಲಿಲ್ಲ. ಅದನ್ನು ಇರಗೊಟ್ಟದ್ದೇ ದೊಡ್ಡ ಉಪಕಾರವೆಂದು ಅವಳಿಗೆ ಆಗಾಗ ನೆನಪಿಸುತ್ತಿದ್ದರು.

ಆ ಸೋಮವಾರವೂ ಕುರ್ಚಿಯಲ್ಲಿ ಕೂತಳು. ಮುಚ್ಚಿದ ಬಾಗಿಲ ಹಿಂದೆ ಹಾಜರಿ ಕೂಗುವುದು ಕೇಳುತ್ತಿತ್ತು. ಬೊಜುರಾಳ ಹೆಸರು ಬಂದಾಗ, ಅವಳ ಗಂಟಲು ಉತ್ತರಕ್ಕೆ ತಯಾರಾಗುವ ಮೊದಲೇ ಒಬ್ಬ ಹುಡುಗ ಮುದುಕಿಯರ ದನಿಯಲ್ಲಿ, "ದೇವರು ಅವಳನ್ನ ಕ್ಷಮಿಸಲಿ," ಎಂದ. ಸತ್ತವರ ಹೆಸರು ಬಂದಾಗ ಆ ಊರಲ್ಲಿ ಅನ್ನುವ ಮಾತು. ತರಗತಿ ಬಿದ್ದು ಬಿದ್ದು ನಕ್ಕಿತು. ಟೀಚರು ಸುಮ್ಮನಿರಿ ಎಂದರು. ಆ ದನಿಯ ತುದಿಯಲ್ಲಿ ನಗು ಅಂಟಿಕೊಂಡಿತ್ತು. ತ್ಸೋನಾ ತೊಡೆಯ ಮೇಲಿನ ಚೀಲವನ್ನು ಎರಡೂ ಕೈಯಲ್ಲಿ ಹಿಂಡಿದಳು. ನಗು ಇಳಿದ ಮೇಲೆ, ಎಲ್ಲರೂ ಮರೆತ ಮೇಲೆ, ಮೂರು ಹೆಸರು ಮುಂದೆ ಹೋದ ಮೇಲೆ ಒಳಗಿನಿಂದ ಬೊಜುರಾಳ ಉತ್ತರ ಬಂತು.

"ಇದ್ದೀನಿ."

*

ಶಾಲೆ ಬಿಟ್ಟ ಮೇಲೆ ತ್ಸೋನಾ ನೇರ ತ್ರೆಂದಾಫಿಲನ ಅಂಗಡಿಗೆ ಹೋದಳು. ಊರಿನ ಹೆಣಗಳಿಗೆಲ್ಲ ಪೆಟ್ಟಿಗೆ, ಹೂಮಾಲೆ, ಕಾಗದ ಮಾಡಿಕೊಡುವವನು ಅವನೇ. ಅವನ ಮಗ ದೆಯಾನ್ ಐದನೇ ತರಗತಿಯಲ್ಲೇ ಇದ್ದ, ಹೊರುವ ಸರದಿಯ ನಾಲ್ವರಲ್ಲಿ ಒಬ್ಬ.

ತ್ರೆಂದಾಫಿಲ ಸುಳ್ಳು ಹೇಳಲಿಲ್ಲ. ಹೌದು, ತನ್ನದೇ ಕಂಪ್ಯೂಟರಿನಿಂದ ಬಂದದ್ದು, ಅಂಚು ನೋಡಿದರೇ ಗೊತ್ತಾಗುತ್ತದೆ ಎಂದ. ಹುಡುಗನಿಗೆ ಎರಡು ಏಟು ಹಾಕಿದ್ದಾನಂತೆ, ಕೇಳದೆ ಒಳ್ಳೆಯ ಕಾಗದ ಖರ್ಚು ಮಾಡಿದ್ದಕ್ಕೆ. ಆಮೇಲೆ ತನಗೇ ತಡೆಯಲಾಗದೆ ಕನ್ನಡಕ ಏರಿಸಿಕೊಂಡು, "ಆದ್ರೂ ನೋಡಿ ತ್ಸೋನಕ್ಕ, ಒಂದ್ ಅಕ್ಷರ ತಪ್ಪಿಲ್ಲ. ಹನ್ನೊಂದು ವರ್ಷಕ್ಕೆ ಇಷ್ಟು ಅಚ್ಚುಕಟ್ಟಾಗಿ ಮಾಡ್ತಾನೆ ಅಂದ್ರೆ ಅಂಗಡಿ ಇವನ ಕೈಯಲ್ಲಿ ಉದ್ಧಾರ ಆಗತ್ತೆ," ಎಂದ.

ನಿನ್ನ ಅಂಗಡಿಯಿಂದ ಬಂದದ್ದನ್ನು ನೀನೇ ಬಂದು ತೆಗೆ ಎಂದಳು ತ್ಸೋನಾ.

ಅವನು ಕೈ ಹಿಂದಕ್ಕೆ ಎಳೆದುಕೊಂಡ. ಹಚ್ಚುವವನು ತೆಗೆಯಬಾರದು, ತೆಗೆದರೆ ವರ್ಷದೊಳಗೆ ಅವನದೇ ಕಾಗದ ಗೋಡೆ ಹತ್ತುತ್ತದೆ, ಅಪ್ಪ ಹೇಳಿಕೊಟ್ಟದ್ದು ಎಂದ. ಬದುಕಿರುವವಳ ಕಾಗದಕ್ಕೆ ಅದು ಲೆಕ್ಕವಿಲ್ಲವಲ್ಲ ಎಂದರೆ, ಅದು ಕಾಗದಕ್ಕೆ ಹೇಗೆ ಗೊತ್ತಾಗಬೇಕು ಎಂದು ಕೇಳಿದ.

ಮಂಗಳವಾರ ಮಧ್ಯಾಹ್ನ ಮುದುಕಿಯರು ಗೋಧಿ ತಂದರು.

ಬಸ್ ನಿಲ್ದಾಣದಲ್ಲಿ ಕಾಗದ ನೋಡಿದವರು ಅವರು. ಕಣ್ಣು ಮಂಜಾದವರಿಗೆ ಕಪ್ಪು ಅಂಚು ಕಾಣುತ್ತದೆ, ಮುಖ ಕಾಣುತ್ತದೆ, ಸಣ್ಣ ಅಕ್ಷರ ಕಾಣುವುದಿಲ್ಲ. ಮನೆಗೆ ಹೋಗಿ ಗೋಧಿ ಬೇಯಿಸಿದ್ದಾರೆ, ಅದಕ್ಕೆ ಆಕ್ರೋಟು ಕುಟ್ಟಿ ಬೆರೆಸಿದ್ದಾರೆ, ಮೇಲೆ ಸಕ್ಕರೆ ಪುಡಿ ಹರಡಿ ಶಿಲುಬೆ ಬರೆದಿದ್ದಾರೆ. ಸತ್ತವರ ಮನೆಗೆ ಒಯ್ಯುವುದು ಅದೇ. ಎಂಬತ್ತು ದಾಟಿದ ನೆದ್ಯಾಲ್ಕಾ ಮುಂದೆ, ಹಿಂದೆ ಇನ್ನಿಬ್ಬರು, ಮೂವರ ತಲೆಗೂ ಕಪ್ಪು ವಸ್ತ್ರ, ಕೈಯಲ್ಲಿ ಬಟ್ಟೆ ಮುಚ್ಚಿದ ಬಟ್ಟಲು. ಗೇಟಿನ ಕಾಗದದ ಮುಂದೆ ನಿಂತು ಎದೆಯ ಮೇಲೆ ಶಿಲುಬೆ ಎಳೆದುಕೊಂಡು ಒಳಗೆ ಬಂದರು.

ದ್ರಾಕ್ಷಿಬಳ್ಳಿಯ ಚಪ್ಪರದ ಕೆಳಗೆ ಬೊಜುರಾ ಕೂತು ಭೂಗೋಳ ಓದುತ್ತಿದ್ದಳು.

ನೆದ್ಯಾಲ್ಕಾ ನೇರ ಅವಳನ್ನು ದಾಟಿ ತ್ಸೋನಾಳ ಕೊರಳಿಗೆ ಬಿದ್ದು ಅತ್ತಳು. "ಬಿಡುಗಡೆ ಆಯ್ತು ಬಿಡೇ ತ್ಸೋನಾ. ಮಗೂಗೂ ಆಯ್ತು, ನಿಂಗೂ ಆಯ್ತು. ಭಗವಂತ ಕೊನೆಗೂ ಕಣ್ಣು ಬಿಟ್ಟ." ಬಿಸಿ ಕಣ್ಣೀರು ತ್ಸೋನಾಳ ಕುತ್ತಿಗೆಯಲ್ಲಿ ಇಳಿಯುತ್ತಿತ್ತು. ಅದು ನಾಟಕದ ಅಳುವಲ್ಲ. ಮನಸಾರೆ ಸಂತೋಷಪಟ್ಟ ಅಳು.

"ನಾನ್ ಸತ್ತಿಲ್ಲ, ಅಜ್ಜಿ," ಎಂದಳು ಬೊಜುರಾ.

ನೆದ್ಯಾಲ್ಕಾ ತಿರುಗಿದಳು. ಬಗ್ಗಿ, ಬೆರಳಿನಿಂದ ಹುಡುಗಿಯ ಕೆನ್ನೆ, ಮೂಗು, ಗದ್ದ ಮುಟ್ಟಿ ನೋಡಿದಳು. ಆ ಮುದಿ ಮುಖದ ಮೇಲೆ ಒಂದು ಕ್ಷಣ ಬಂದು ಹೋದದ್ದನ್ನು ತ್ಸೋನಾ ನೋಡಿಬಿಟ್ಟಳು. ಹಬ್ಬದ ದಿನ ಮುಂದೂಡಿದರೆಂದು ತಿಳಿದಾಗ ಮುಖ ಹೇಗೆ ಬೀಳುತ್ತದೋ ಹಾಗೆ ಬಿತ್ತು. ಅದನ್ನು ನೋಡಿದ ಮೇಲೆ ದೆಯಾನನ ಮೇಲೆ, ಅವನಪ್ಪನ ಮೇಲೆ ಇದ್ದ ಸಿಟ್ಟು ಸಣ್ಣದೆನ್ನಿಸಿತು. ಆ ಹುಡುಗರು ಸುಳ್ಳು ಅಂಟಿಸಿದ್ದರು. ಊರಿನ ಒಳ್ಳೆಯವರೆಲ್ಲ ಅದು ನಿಜವಾಗಲೆಂದು ಎಷ್ಟು ದಿನದಿಂದ ಕಾಯುತ್ತಿದ್ದರೋ.

"ಅಯ್ಯೋ, ಬದುಕಿದ್ದೀಯಾ ಕಂದಾ," ಎಂದಳು ನೆದ್ಯಾಲ್ಕಾ. "ಇರ್ಲಿ ಬಿಡು. ಅದೂ ಒಳ್ಳೇದೇ."

ಸುಮ್ಮನೆ ನಿಲ್ಲಲಾರದೆ ಅವಳೇ ಇನ್ನೊಂದು ಮಾತು ತೆಗೆದಳು. ಅರ್ಜಿಗೆ ತಾನೂ ಸಹಿ ಹಾಕಿದ್ದಾಳಂತೆ, ಆದರೆ ನೀರಿನ ಪೈಪಿನ ಅರ್ಜಿ ಎಂದುಕೊಂಡು ಹಾಕಿದ್ದಂತೆ, ಕಣ್ಣು ಕಾಣದವಳ ಮೇಲೆ ಮುನಿಸಿಕೊಳ್ಳಬಾರದಂತೆ. ಉಳಿದಿಬ್ಬರು ಬಟ್ಟಲು ಹಿಡಿದು ಹಾಗೇ ನಿಂತಿದ್ದರು. ಸತ್ತವರಿಗೆಂದು ಬೇಯಿಸಿದ ಗೋಧಿಯನ್ನು ಮರಳಿ ಮನೆಗೆ ಒಯ್ಯುವಂತಿಲ್ಲ. ಇಲ್ಲಿ ಇಟ್ಟುಹೋಗಲು ಹೆಣವಿಲ್ಲ.

ಬೊಜುರಾ ಕೈ ಚಾಚಿದಳು. ಅವಳ ಬಲಗೈ ಹೇಳಿದ ಮಾತು ಕೇಳುತ್ತಿರಲಿಲ್ಲ, ಎಡಗೈ ಸ್ವಲ್ಪ ಕೇಳುತ್ತಿತ್ತು. ಬಟ್ಟಲಿನಿಂದ ಒಂದು ಹಿಡಿ ಗೋಧಿ ಎತ್ತಿಕೊಂಡಳು, ಅರ್ಧ ಮಡಿಲಿಗೆ ಚೆಲ್ಲಿತು, ಅರ್ಧ ಬಾಯಿಗೆ ಹೋಯಿತು. ತಿನ್ನುವಾಗ ಅನ್ನಬೇಕಾದ ಮಾತನ್ನೂ ಅವಳು ಮರೆಯಲಿಲ್ಲ. ಅವಸರವಿಲ್ಲದೆ, ಒಂದೊಂದೇ ಅಕ್ಷರ ಎಳೆದು ತಂದು ಹೇಳಿದಳು.

"ದೇವರು ಬೊಜುರಾನ ಕ್ಷಮಿಸಲಿ."

ಮುದುಕಿಯರು ಬಟ್ಟಲು ಅಲ್ಲೇ ಇಟ್ಟು ಹೋದರು. ಬೊಜುರಾ ಮೂರು ಬಟ್ಟಲನ್ನೂ ಖಾಲಿ ಮಾಡಿದಳು. ಸಕ್ಕರೆ ಎಂದರೆ ಅವಳಿಗೆ ಪ್ರಾಣ.

*

ಬುಧವಾರ ತ್ಸೋನಾಳಿಗೆ ಮುಖ್ಯೋಪಾಧ್ಯಾಯಿನಿಯ ಕರೆ ಬಂತು. ದ್ರಾಗೋವಾಳ ಕೋಣೆಯಲ್ಲಿ ಕಾರ್ಪೆಟ್ಟು ಇತ್ತು, ಗೋಡೆಯ ಮೇಲೆ ಪ್ರಶಸ್ತಿಗಳಿದ್ದವು. ಪೋಲಿನಾ ಕಾಫಿ ತಂದಿಟ್ಟಳು, ಒಂದೇ ಕಪ್ಪು, ಮುಖ್ಯೋಪಾಧ್ಯಾಯಿನಿಗೆ.

ಮಕ್ಕಳು ತಪ್ಪು ಮಾಡಿದ್ದಾರೆ, ತಾನು ಬಹಳ ನೊಂದಿದ್ದೇನೆ ಎಂದು ದ್ರಾಗೋವಾ ಶುರುಮಾಡಿದಳು. ಆದರೆ ಮಕ್ಕಳು ಮಕ್ಕಳೇ, ಅವರ ಭವಿಷ್ಯಕ್ಕೆ ಕಲ್ಲು ಹಾಕಬಾರದು. ತ್ಸೋನಾ ಒಂದು ಮಗುವಿನ ಭವಿಷ್ಯ ಹೊತ್ತು ಆಗತಾನೇ ಇಪ್ಪತ್ತೆರಡು ಮೆಟ್ಟಿಲು ಹತ್ತಿ ಬಂದಿದ್ದಳು. ಏದುಸಿರು ಇನ್ನೂ ನಿಂತಿರಲಿಲ್ಲ.

ವಿಷಯ ಬೇರೆಯೇ ಇತ್ತು. ಗುರುವಾರ ಬೆಳಗ್ಗೆ ಎಂಟಕ್ಕೆ ರಾಜಧಾನಿಯಿಂದ ಅತಿಥಿಗಳು ಬರುತ್ತಾರೆ. ಎಲ್ಲರಿಗೂ ಒಂದೇ ಶಾಲೆ ಎಂಬುದು ಹೇಗೆ ನಡೆಯುತ್ತಿದೆಯೆಂದು ನೋಡಲು. ಶಾಲೆಯ ಗೇಟಿನಲ್ಲೇ ಅವರಿಗೆ ಮೊದಲು ಕಾಣುವುದು ಆ ಕಾಗದದ ಮೇಲಿನ ತನ್ನ ಕೈ. ಹೀಗೆಂದು ದ್ರಾಗೋವಾ ಉಂಗುರದ ಬೆರಳನ್ನು ಮೇಜಿನ ಕೆಳಗೆ ಇಳಿಸಿಕೊಂಡಳು. ಕಾಗದ ತೆಗೆಯಲು ಜವಾನನಿಗೆ ಹೇಳಿದರೆ ಅವನು ಶಿಲುಬೆ ಎಳೆದುಕೊಂಡು ಓಡಿಹೋದ. ಪೋಲಿನಾಗೆ ಹೊಟ್ಟೆಯಲ್ಲಿ ಮಗುವಿದೆ. ತಾನು ಮುಟ್ಟಿದರೆ ನಾಳೆ ಊರು ಮಾತಾಡುತ್ತದೆ. ತೆಗೆಯುವುದಾದರೆ ಸತ್ತವರ ಮನೆಯವರೇ ತೆಗೆಯಬೇಕು.

"ಸತ್ತವರ ಮನೆಯವರು ಅಂದ್ರೆ ಯಾರು ಮೇಡಂ?" ಎಂದು ಕೇಳಿದಳು ತ್ಸೋನಾ.

"ನಾನ್ ಹೇಳಿದ್ದು ನಿಮಗೆ ಅರ್ಥ ಆಗಿದೆ, ತ್ಸೋನಜ್ಜಿ."

ಆಮೇಲೆ ಡ್ರಾಯರಿನಿಂದ ಒಂದು ಹಾಳೆ ಬಂತು. ಮೊಮ್ಮಗಳ ನೆಮ್ಮದಿಗಾಗಿ ಅವಳಿಗೆ ಮನೆಯಲ್ಲೇ ಪಾಠ ಆಗಲೆಂದು ತ್ಸೋನಾ ತಾನಾಗಿ ಕೇಳಿಕೊಂಡಿರುವ ಅರ್ಜಿ. ತುಂಬಿಸಿ ಸಿದ್ಧವಾಗಿತ್ತು. ಸಹಿಯ ಜಾಗದಲ್ಲಿ ಪೆನ್ಸಿಲಿನ ಒಂದು ಸಣ್ಣ ಗುರುತು. ವಾರಕ್ಕೆ ಎರಡು ಸಲ ಒಬ್ಬ ಟೀಚರು ಮನೆಗೆ ಬರುತ್ತಾರಂತೆ. ಪಕ್ಕದ ಊರಿನ ಕುರುಡು ಹುಡುಗನಿಗೆ ಹಾಗೇ ಹೇಳಿದ್ದರು. ಟೀಚರು ಎರಡು ಸಲ ಬಂದರು, ವಾರಕ್ಕಲ್ಲ, ವರ್ಷಕ್ಕೆ. ಆಮೇಲೆ ಅವನನ್ನು ಹಳದಿ ಕಟ್ಟಡದ ಗಾಡಿ ಬಂದು ಕರೆದೊಯ್ದಿತ್ತು.

ಈ ಸಹಿ ಇಲ್ಲದೆ ತನ್ನಿಂದ ಅವಳನ್ನು ಹೊರಗೆ ಹಾಕಲು ಆಗುವುದಿಲ್ಲವೆಂದು ದ್ರಾಗೋವಾ ಮುಚ್ಚಿಡಲಿಲ್ಲ. ಆದರೆ ನಲವತ್ತೊಂದು ಸಹಿ ಆಗಲೇ ಬಂದಿವೆ. ಓಣಿಯಲ್ಲಿ ಹೊರಗಿನವರು ಕೂರುವುದಕ್ಕೆ ಕಾನೂನಿನಲ್ಲಿ ಜಾಗವಿಲ್ಲ. ಆ ಕುರ್ಚಿ ಸೋಮವಾರದಿಂದ ಅಲ್ಲಿರುವುದಿಲ್ಲ. ಮಗುವಿಗೆ ಶೌಚಕ್ಕೆ ಆದಾಗ ಏನು ಮಾಡುತ್ತದೋ, ಎಲ್ಲರ ಎದುರಿಗೆ ಎರಡು ದಿನ ಒದ್ದೆಯಾದರೆ ಅದೇ ಶಾಲೆ ಬೇಡವೆನ್ನುತ್ತದೆ. ಇದನ್ನು ಹೇಳುವಾಗ ಅವಳ ದನಿ ಒಂದಿಷ್ಟೂ ಏರಲಿಲ್ಲ, ಕಾಫಿ ಕುಡಿಯುತ್ತಲೇ ಹೇಳಿದಳು.

ಇನ್ನೊಂದು ದಾರಿಯಿತ್ತು. ನಾಳೆ ಎಂಟರೊಳಗೆ ನಾಲ್ಕೂ ಕಾಗದ ಹೋಗಬೇಕು. ಬೊಜುರಾ ಕಸೂತಿ ಹಾಕಿದ ಹಬ್ಬದ ಉಡುಪಿನಲ್ಲಿ ಗೇಟಿನ ಬಳಿ ಕೂತು ಅತಿಥಿಗಳಿಗೆ ವಾಡಿಕೆಯಂತೆ ಬ್ರೆಡ್ಡು, ಉಪ್ಪು ಕೊಟ್ಟು ಸ್ವಾಗತಿಸಬೇಕು. ಪೋಲಿನಾ ಕುರ್ಚಿ ಹಿಡಿದಿರುತ್ತಾಳೆ. ತ್ಸೋನಾ ಹಿಂದೆಲ್ಲಾದರೂ ಇರಲಿ. ಹಾಗಾದರೆ ಕ್ರಿಸ್‌ಮಸ್‌ವರೆಗೆ ಈ ಅರ್ಜಿ ಡ್ರಾಯರಿನಲ್ಲೇ ಮಲಗಿರುತ್ತದೆ, ಓಣಿಯ ಕುರ್ಚಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಕ್ರಿಸ್‌ಮಸ್‌ಗೆ ಎಂಬತ್ತು ದಿನವಿತ್ತು. ಎಂಬತ್ತು ದಿನದ ಶಾಲೆ. ತ್ಸೋನಾ ತಲೆಯಾಡಿಸಿದಳು. ಐದು ವರ್ಷದಿಂದ ಈ ಕಟ್ಟಡದಲ್ಲಿ ಅವಳು ಕಲಿತದ್ದು ತಲೆಯಾಡಿಸುವುದನ್ನೇ. ಆ ಊರಿನಲ್ಲಿ ತಲೆ ಅಡ್ಡಡ್ಡ ಆಡಿಸಿದರೆ ಆಗಲಿ ಎಂದು ಅರ್ಥ, ಮೇಲೆತ್ತಿದರೆ ಇಲ್ಲವೆಂದು. ಅವಳು ಅಡ್ಡಡ್ಡ ಆಡಿಸಿದಳು.

ಸಂಜೆ ಬಕೆಟ್ಟಿನಲ್ಲಿ ಬಿಸಿನೀರಿಗೆ ವಿನಿಗರ್ ಬೆರೆಸಿ, ಗೋಡೆ ಕೆರೆಯುವ ಕಬ್ಬಿಣದ ಪಟ್ಟಿ ಹಿಡಿದು ಮನೆಯ ಗೇಟಿನಿಂದಲೇ ಶುರುಮಾಡಿದಳು. ಅಂಟು ಗಟ್ಟಿಯಾಗಿತ್ತು, ತ್ರೆಂದಾಫಿಲನ ಅಂಗಡಿಯ ಅಂಟು. ಒದ್ದೆ ಮಾಡಿ ಮೂಲೆ ಎಬ್ಬಿಸಿ ಎಳೆದಾಗ ಬೊಜುರಾಳ ಜೊತೆಗೆ ಕೆಳಗಿದ್ದ ಗಂಡನೂ ಕಿತ್ತು ಬಂದ. ಮೀಸೆ, ಹೆಸರಿನ ಅರ್ಧ, ಹುಟ್ಟಿದ ವರ್ಷ. ಮೂರು ವರ್ಷ ಬಿಸಿಲು ಮಳೆ ಕೀಳಲಾರದೆ ಬಿಟ್ಟದ್ದನ್ನು ಅವಳ ಕೈ ಒಂದೇ ಎಳೆತಕ್ಕೆ ಕಿತ್ತಿತ್ತು. ಗೇಟಿನ ಮೇಲೆ ತುಕ್ಕಿನ ಒಂದು ಚೌಕ ಉಳಿಯಿತು.

ಬೊಜುರಾ ಚಪ್ಪರದ ಕೆಳಗಿನಿಂದ ನೋಡುತ್ತಿದ್ದಳು. ತಾತ ಎಲ್ಲಿ ಎಂದು ಕೇಳಿದಳು.

"ಬಂದ್ಬಿಟ್ಟ ಕಣೇ, ನಿನ್ ಜೊತೆ," ಎಂದಳು ತ್ಸೋನಾ. ಒದ್ದೆ ಕಾಗದವನ್ನು ಎಲ್ಲಿಡಬೇಕೆಂದು ತಿಳಿಯದೆ ಎದೆಗೆ ಒತ್ತಿಕೊಂಡೇ ನಿಂತಿದ್ದಳು.

ಬ್ರೆಡ್ಡಿನ ಅಂಗಡಿಯ ಮುಂದೆ ಸಾಲು ನಿಂತಿತ್ತು. ಅವಳು ಕೆರೆಯುವಾಗ ಜನ ದೂರ ಸರಿದು ದಾರಿ ಬಿಟ್ಟರು. ಒಬ್ಬಿಬ್ಬರು ಶಿಲುಬೆ ಎಳೆದುಕೊಂಡರು. ದೆಯಾನನ ತಾಯಿ, ಪಾಪ, ಈ ವಯಸ್ಸಿನಲ್ಲಿ ಇದೊಂದು ಕೆಲಸ ಎಂದು ಗೊಣಗಿ ತನ್ನ ಬ್ರೆಡ್ಡು ತೆಗೆದುಕೊಂಡು ಹೋದಳು. ಬಸ್ ನಿಲ್ದಾಣದ ಗೋಡೆ ಮುಗಿಯುವ ಹೊತ್ತಿಗೆ ತ್ಸೋನಾಳ ಎರಡೂ ಹೆಗಲು ಸೋತಿದ್ದವು. ಶಾಲೆಯ ಗೇಟಿನದು ಬೆಳಗ್ಗೆಗೆ ಉಳಿಯಿತು.

*

ಗುರುವಾರ ಏಳೂವರೆಗೆ ಬೊಜುರಾಳಿಗೆ ಕೆಂಪು ಕಸೂತಿಯ ಅಂಗಿ ತೊಡಿಸಿ, ಶಾಲೆಯವರು ಕಳಿಸಿದ ಉದ್ದನೆಯ ಏಪ್ರನ್ನು ಕಟ್ಟಿ, ಬಕೆಟ್ಟನ್ನು ಕುರ್ಚಿಯ ಹಿಂದಿನ ಕೊಕ್ಕೆಗೆ ಸಿಕ್ಕಿಸಿ ತ್ಸೋನಾ ಹೊರಟಳು. ತಮ್ಮ ಗೇಟು ದಾಟುವಾಗ ಹುಡುಗಿ ಕತ್ತು ತಿರುಗಿಸಿ ಆ ತುಕ್ಕಿನ ಚೌಕವನ್ನು ನೋಡಿದಳು.

ಶಾಲೆಯ ಮುಂದೆ ಎಲ್ಲರೂ ಇದ್ದರು. ಐದನೇ ತರಗತಿ ಎರಡು ಸಾಲಿನಲ್ಲಿ ಹೂ ಹಿಡಿದು ನಿಂತಿತ್ತು, ದೆಯಾನನ ಕೂದಲಿಗೆ ನೀರು ಹಚ್ಚಿ ಬಾಚಿದ್ದರು. ತಾಯಂದಿರು ಆಚೆ ಬದಿಗೆ. ಪೋಲಿನಾ ಹೊಸ ಬೂಟು ಹಾಕಿ ಬಂದಿದ್ದಳು, ಕುರ್ಚಿಯ ಹಿಡಿ ಎಲ್ಲಿದೆಯೆಂದು ತ್ಸೋನಾಳನ್ನೇ ಕೇಳಿದಳು. ಗೇಟಿನ ಪಕ್ಕ, ಲಿಂಡನ್ ಮರದ ಬುಡದಲ್ಲಿ, ಮೇಲಿನ ಓಣಿಯ ಕುರ್ಚಿ ಬಿದ್ದಿತ್ತು. ಸೋಮವಾರದವರೆಗೂ ಕಾದಿರಲಿಲ್ಲ. ಅತಿಥಿಗಳ ಕಣ್ಣಿಗೆ ಬೀಳಬಾರದೆಂದು ಆಗಲೇ ಹೊರಗೆ ಎಸೆದಿದ್ದರು.

ತ್ಸೋನಾ ಅದನ್ನು ನೋಡಿದಳು. ಬಕೆಟ್ಟು ಕೆಳಗಿಳಿಸಿ ಕಬ್ಬಿಣದ ಪಟ್ಟಿ ತೆಗೆದಳು, ಬಟ್ಟೆ ಅದ್ದಿದಳು.

ಅಷ್ಟರಲ್ಲಿ ಪೋಲಿನಾ ಬೊಜುರಾಳ ಮಡಿಲಿಗೆ ಬ್ರೆಡ್ಡಿನ ತಟ್ಟೆ ಇಟ್ಟು ಕುರ್ಚಿಯನ್ನು ಗೇಟಿನ ಹತ್ತಿರ ತಂದಳು. ಬೊಜುರಾ ಎಡಗೈಯಿಂದ ಗಾಲಿಯನ್ನು ಇನ್ನೂ ಸ್ವಲ್ಪ ತಳ್ಳಿಕೊಂಡು, ಬೆನ್ನು ಗೇಟಿಗೆ ತಾಗುವವರೆಗೆ ಹೋಗಿ, ಬ್ರೇಕಿನ ಹಿಡಿ ಕೆಳಗೆ ಒತ್ತಿದಳು. ಆ ಹಿಡಿ ಒತ್ತುವುದಕ್ಕೆ ಅವಳಿಗೆ ಮೂರು ಸಲ ಪ್ರಯತ್ನ ಬೇಕಾಯಿತು. ಈಗ ಕಾಗದ ಅವಳ ತಲೆಯ ಪಕ್ಕದಲ್ಲೇ ಇತ್ತು. ಒಂದು ಮುಖದ ಪಕ್ಕ ಇನ್ನೊಂದು ಮುಖ, ಎರಡೂ ಒಂದೇ.

"ತೆಗೀಬೇಡ ಅಜ್ಜಿ," ಎಂದಳು. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬೊಜುರಾ ಆ ನಗು ಮುಗಿಯಲೆಂದು ಕಾದಳು, ಕಾಯುವುದು ಅವಳಿಗೆ ಅಭ್ಯಾಸವಾಗಿತ್ತು. "ಅದು ನಂದು. ಬಂದವ್ರು ಓದ್ಲಿ."

ದ್ರಾಗೋವಾ ಓಡಿಬಂದಳು. ಎಲ್ಲರೂ ನೋಡುತ್ತಿದ್ದರೆಂದು ಮುಖದಲ್ಲಿ ನಗು ಹಿಡಿದುಕೊಂಡೇ ಬಂದಳು. ಬಗ್ಗಿ ಹುಡುಗಿಯ ಹೆಗಲ ಮೇಲೆ ಕೈಯಿಟ್ಟು, ಚಿನ್ನಾ, ಸ್ವಲ್ಪ ಮುಂದೆ ಬಾ, ಅಜ್ಜಿಗೆ ಕೆಲಸವಿದೆ ಎಂದಳು. ಬೊಜುರಾ ಅವಳ ಕಡೆ ನೋಡಲಿಲ್ಲ. ಬ್ರೇಕಿನ ಮೇಲಿಂದ ಕೈ ತೆಗೆಯಲಿಲ್ಲ. ಮಡಿಲಿನ ತಟ್ಟೆ ಅಲುಗಿ ಉಪ್ಪು ಕಸೂತಿಯ ಮೇಲೆ ಚೆಲ್ಲಿತು.

ಬೀದಿಯ ತಿರುವಿನಲ್ಲಿ ಬಿಳಿ ವ್ಯಾನಿನ ಮೂತಿ ಕಾಣಿಸಿತು.

"ಅವಳನ್ನ ಎಳೀರಿ ಆಚೆ," ಎಂದಳು ದ್ರಾಗೋವಾ, ತುಟಿಯ ನಗು ಹಾಗೇ ಇತ್ತು, ದನಿ ಮಾತ್ರ ಹಲ್ಲಿನ ನಡುವಿನಿಂದ ಬಂತು. "ಬೇಗ ತೆಗೀರಿ ಅದನ್ನ. ಇಲ್ದಿದ್ರೆ ಇವತ್ತೇ ಸಹಿ ಹಾಕ್ತೀರಿ, ನೋಡ್ತಾ ಇರಿ."

ತ್ಸೋನಾ ಕೈಯಲ್ಲಿ ಪಟ್ಟಿ ಹಿಡಿದು ನೋಡಿದಳು. ಕಾಗದದ ಹೆಗಲ ಮೇಲೆ ಉಂಗುರದ ಕೈ. ಅದರ ಪಕ್ಕದಲ್ಲಿ, ಬದುಕಿರುವ ಹೆಗಲ ಮೇಲೆ ಅದೇ ಉಂಗುರದ ಅದೇ ಕೈ. ಹಿಡಿತವೂ ಅದೇ, ಬೆರಳು ಮಾಂಸದೊಳಗೆ ಇಳಿದಿತ್ತು. ಆಚೆ ಬದಿಯಲ್ಲಿ ತಾಯಂದಿರು, ಅವರ ಹಿಂದೆ ಬಟ್ಟಲು ವಾಪಸು ಕೇಳಲೆಂದು ತ್ಸೋನಾಳನ್ನು ಹುಡುಕಿಕೊಂಡು ಬಂದಿದ್ದ ನೆದ್ಯಾಲ್ಕಾ, ಮಂಜುಗಣ್ಣನ್ನು ಕಿರಿದು ಮಾಡಿಕೊಂಡು ಏನಾಯಿತೆಂದು ಪಕ್ಕದವರನ್ನು ಕೇಳುತ್ತಿದ್ದಳು.

ತ್ಸೋನಾ ಬಕೆಟ್ಟನ್ನು ಎತ್ತಿ ನೀರನ್ನು ಲಿಂಡನ್ ಮರದ ಬುಡಕ್ಕೆ ಸುರಿದಳು. ಅಲ್ಲಿ ಬಿದ್ದಿದ್ದ ಓಣಿಯ ಕುರ್ಚಿಯನ್ನು ಎತ್ತಿ, ತಲೆವಸ್ತ್ರದ ತುದಿಯಿಂದ ಒರೆಸಿ, ಮೊಮ್ಮಗಳ ಪಕ್ಕಕ್ಕೆ ಗೇಟಿಗೆ ಅಡ್ಡಲಾಗಿ ಹಾಕಿ ಕೂತಳು. ಐದು ವರ್ಷದಿಂದ ಕೂತ ಕುರ್ಚಿ. ಕಬ್ಬಿಣದ ಪಟ್ಟಿಯನ್ನು ಮಡಿಲಲ್ಲಿಟ್ಟುಕೊಂಡಳು.

"ತೆಗೆಯಲ್ಲ ಮೇಡಂ," ಎಂದಳು. "ಸತ್ತು ಇವತ್ತಿಗೆ ನಾಲ್ಕೇ ದಿನ. ನಲವತ್ತು ತುಂಬ್ಲಿ."

ವ್ಯಾನು ನಿಂತಿತು, ಅದರ ಬಾಗಿಲು ಜಾರುವ ಸದ್ದಾಯಿತು. ಮುಖ್ಯೋಪಾಧ್ಯಾಯಿನಿ ಇನ್ನೊಮ್ಮೆ, ಈ ಸಲ ನಗುವಿಲ್ಲದೆ, ಏಳಿ ಎಂದಳು.

ತ್ಸೋನಾ ಗದ್ದ ಮೇಲೆತ್ತಿದಳು, ಆ ಊರಿನವರು ಇಲ್ಲವೆನ್ನುವ ಹಾಗೆ.